ಯಾವ ಮೂರು ಪದ ಕೊಟ್ಟರೂ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

...ಒಂದಕ್ಕೊಂದು ಸಂಬಂಧವಿಲ್ಲದ ಪದಗಳು ಮನಸ್ಸನ್ನು ಅದು ಎಂದೂ ಹೋಗದ ಕಡೆಗೆ ಒಯ್ಯುತ್ತವೆ ಎಂದೋ, ಹೋಗಲೊಲ್ಲದ ಕಡೆಗೆ ಒಯ್ಯುತ್ತವೆ ಎಂದೋ ನೀನು ಫೋನಿನಲ್ಲಿ ಹೇಳಿದ್ದೆ. ಎರಡರಲ್ಲಿ ಯಾವುದು ಎಂದು ಈಗ ನೆನಪಾಗುತ್ತಿಲ್ಲ. ನಿನ್ನ ಬೆನ್ನುನೋವು ಹೇಗಿದೆ? ಒಳ್ಳೆಯ ಕುರ್ಚಿ ತಂದೆಯಾ, ಇನ್ನೂ ಹಾಸಿಗೆಯ ಮೇಲೆ ಕುಳಿತೇ ಬರೆಯುತ್ತೀಯಾ? ಇಲ್ಲಿ ನಾವು ಕ್ಷೇಮ. ಅಪ್ಪನ ಬಲಗೈ ಇನ್ನೂ ಮಡಿಲಲ್ಲಿ ಬೇರೆ ಯಾರದೋ ವಸ್ತುವಿನಂತೆ ಬಿದ್ದಿರುತ್ತದೆ, ಆದರೆ ಮಾತು ಮರಳಿದೆ. ಪಾರ್ಶ್ವವಾಯು ಹೊಡೆದಾಗ ನೀರು ಬೇಕೆನ್ನಲೂ ಆಗದಿದ್ದವರು ಈಗ ಇಡೀ ಕಥೆ ಹೇಳುತ್ತಾರೆ. ಅದು ನಿನ್ನಿಂದಲೇ ಆದದ್ದು. ನಿನ್ನ ಬರವಣಿಗೆಯ ತರಗತಿಯಲ್ಲಿ ಬಳಸುವ ಆ್ಯಪ್ ಕಳಿಸಿದೆಯಲ್ಲ, ಗುಂಡಿ ಒತ್ತಿದರೆ ಯಾವುದೋ ಮೂರು ಪದ ಬೀಳುತ್ತವೆ, ಮೂರನ್ನೂ ಸೇರಿಸಿ ಅಪ್ಪ ಕಥೆ ಕಟ್ಟಬೇಕು.

ಗುಂಡಿ ಒತ್ತುವವಳು ಚಿಕ್ಕಮ್ಮ. ಊಟ ಮುಗಿಸಿ ಕೆಳಮನೆಯಿಂದ ಮೆಟ್ಟಿಲು ಹತ್ತಿ ಬಂದು, ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ತೋಳುದ್ದ ದೂರ ಹಿಡಿದು ಓದುತ್ತಾಳೆ. ಮೊದಲ ದಿನ ಬಿದ್ದದ್ದು ಛತ್ರಿ, ಮೇಕೆ, ಸಾಬೂನು. "ಮೇಕೆಗೆ ಸ್ನಾನ ಮಾಡಿಸಿ ನೋಡೋಣ ಭಾವ, ನಿಮಗಂತೂ ನೀರು ಕಂಡ್ರಾಗಲ್ಲ" ಎಂದಳು. ಅಪ್ಪ ಬಾಯಿಯ ಒಂದು ಬದಿಯಿಂದ ನಕ್ಕರು. ಮೇಕೆ ಛತ್ರಿ ಹಿಡಿದು ಪೇಟೆಗೆ ಹೊರಟಿತು, ಸಾಬೂನು ಕೊಂಡಿತು, ದಾರಿ ತಪ್ಪಿ ಒಂದು ಐಸ್ ಫ್ಯಾಕ್ಟರಿಗೆ ಬಂತು. ಅಲ್ಲಿ ಮಂಜುಗಡ್ಡೆ ಇಡುವ ಕೋಣೆಯ ದಪ್ಪ ಬಾಗಿಲಿನ ಹೊರಗೆ ಒಬ್ಬ ಮನುಷ್ಯ ನಿಂತಿದ್ದ. ಒಳಗಿನಿಂದ ಯಾರೋ ಬಡಿಯುತ್ತಿದ್ದರು. ಅವನು ತೆಗೆಯಲಿಲ್ಲ. ಬಡಿತ ನಿಂತ ಮೇಲೆ ಚಹಾ ಕುಡಿದ. ಅಲ್ಲಿಗೆ ಕಥೆ ಮುಗಿಯಿತು.

ಜೀವಮಾನವೆಲ್ಲ ಐಸ್ ಫ್ಯಾಕ್ಟರಿಯ ಮೇಸ್ತ್ರಿಯಾಗಿದ್ದವರ ಬಾಯಲ್ಲಿ ಹಡಗು ಬಂದೀತೇ ಎಂದುಕೊಂಡೆ. ಮರುದಿನ ಗಾಳಿಪಟ, ದರ್ಜಿ, ಜೇನು. ದರ್ಜಿ ಗಾಳಿಪಟದ ಬೆನ್ನು ಹತ್ತಿ ಅದೇ ಬಾಗಿಲಿಗೆ ಬಂದ. ಆಮೇಲೆ ರೈಲು ಬಂದರೂ ಅಲ್ಲಿಗೇ, ಗೂಬೆ ಬಂದರೂ ಅಲ್ಲಿಗೇ. ಅಪ್ಪನಿಗೆ ಇದು ಗೊತ್ತಿಲ್ಲವೆಂದೇ ನನ್ನ ಎಣಿಕೆ. ಪ್ರತಿಸಲವೂ ಹೊಸದೊಂದನ್ನು ಹೇಳಿದ ಸಂತೋಷದಲ್ಲಿ ದಿಂಬಿಗೆ ಒರಗುತ್ತಾರೆ. ಬಾಗಿಲು ಮಾತ್ರ ದಿನದಿನಕ್ಕೆ ಹತ್ತಿರವಾಗುತ್ತಿದೆ. ಚಿಲಕ ಹೊರಗಿದೆ. ಒಳಗಿನ ಹಿಡಿ ಮುರಿದಿದೆ. ಹೊರಗಿರುವವನಿಗೆ ಅದು ಗೊತ್ತು.

ಚಿಕ್ಕಪ್ಪನ ವಿಷಯ ನಿನಗೆ ಹೇಳಬೇಕಾಗಿಲ್ಲ, ಆದರೂ ಬರೆದರೆ ನನಗೆ ತಿಳಿಯಾಗುತ್ತದೆ. ಅವನೂ ಅಪ್ಪನ ಫ್ಯಾಕ್ಟರಿಯಲ್ಲೇ ದುಡಿಯುತ್ತಿದ್ದ. ಮನೆಯ ಪಾಲಿನ ಸಲುವಾಗಿ ಅಣ್ಣ ತಮ್ಮಂದಿರಲ್ಲಿ ಮಾತು ನಿಂತಿತ್ತಂತೆ. ಒಂದು ಬೆಳಿಗ್ಗೆ ಹೆಂಡತಿಯೊಡನೆ ಜಗಳವಾಡಿ ಕೆಲಸಕ್ಕೆ ಹೋದವನು ಮರಳಲಿಲ್ಲ. ಮಧ್ಯಾಹ್ನವೇ ಹೇಳದೆ ಕೇಳದೆ ಊರು ಬಿಟ್ಟ ಎಂದು ಅಪ್ಪ ಸಂಜೆ ಬಂದು ತಿಳಿಸಿದರಂತೆ. "ನನ್ನ ನಾಲಿಗೆಗೆ ಹೆದರಿ ಓಡಿಹೋದ ಮಹಾರಾಯ" ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಲೇ ಚಿಕ್ಕಮ್ಮ ಮುದುಕಿಯಾದಳು. ಈಚೆಗೆ ಆ ಮಾತು ಆಡುವುದಿಲ್ಲ.

ಗುರುವಾರ ಅವಳು ಕೇಳಿದಳು: "ಒಳಗಿರೋದು ಯಾರು ಭಾವ?"

"ಕಥೆ ತಾನೇಮ್ಮ. ಯಾರಾದ್ರೇನು?"

"ಹೊರಗೆ ನಿಂತಿರೋನು?"

ಅಪ್ಪ ನೀರು ಕೇಳಿದರು. ಲೋಟವನ್ನು ಅವಳೇ ಬಾಯಿಗೆ ಹಿಡಿದಳು, ಒಂದು ಹನಿಯೂ ಚೆಲ್ಲದಂತೆ. ಶುಕ್ರವಾರ ತಂಗಿಯ ಮನೆಗೆ ಹೊರಡುವಾಗ, "ಹತ್ತು ದಿನ ಬಿಟ್ಟು ಬರ್ತೀನಿ. ಬಂದ್ಮೇಲೆ ಈ ಫೋನು ಬೇಡ, ಮೂರು ಪದ ನಾನೇ ಕೊಡ್ತೀನಿ" ಎಂದಳು. ಅಪ್ಪ ಖುಷಿಯಿಂದ ತಲೆಯಾಡಿಸಿದರು.

ಅವಳು ಬಂದಾಗ ಅಪ್ಪ ಮಲಗಿದ್ದಾರೆ ಎನ್ನಬಹುದು. ಮೆಟ್ಟಿಲ ಬಾಗಿಲು ಹಾಕಿಕೊಳ್ಳಬಹುದು. ತನ್ನ ನಾಲಿಗೆಯೇ ಗಂಡನನ್ನು ಅಟ್ಟಿತೆಂದು ನಂಬಿ ಅವಳು ಇಷ್ಟು ಕಾಲ ಬದುಕಿದ್ದಾಳೆ, ಉಳಿದದ್ದನ್ನೂ ಬದುಕಿಯಾಳು. ಹೀಗೆಲ್ಲ ಲೆಕ್ಕ ಹಾಕುವಾಗ ನನ್ನ ಕೈ ನನಗೇ ಅಪರಿಚಿತವಾಗಿ ಕಾಣುತ್ತದೆ.

ಕೆಲಸದ ನೆಪ ಹೇಳಿ ನೀನು ಮನೆಗೆ ಬಾರದಿರುವುದನ್ನು ನಾನೆಂದೂ ದೂರಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಬೆನ್ನಿನ ಬಗ್ಗೆ ಎಚ್ಚರ. ಅಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ.

ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಇದು. ಚಿಕ್ಕಮ್ಮ ಇಲ್ಲವೆಂದು ಈಗಷ್ಟೇ ಗುಂಡಿ ನಾನೇ ಒತ್ತಿದೆ. ಚಂದ್ರ, ಏಣಿ, ಉಪ್ಪು. ಅದೇ ಬಾಗಿಲು. ಆದರೆ ಇವತ್ತು ಒಬ್ಬ ಹುಡುಗಿ ಬಂದಳು, ಊಟದ ಡಬ್ಬಿ ಹಿಡಿದುಕೊಂಡು. ಬಡಿತ ಇನ್ನೂ ನಿಂತಿರಲಿಲ್ಲ. "ಅದೇನಪ್ಪಾ ಸದ್ದು?" ಎಂದಳಂತೆ. "ಮೋಟಾರು ಕಣಮ್ಮ. ಡಬ್ಬಿ ಇಟ್ಟು ಮನೆಗೆ ಹೋಗು" ಎಂದನಂತೆ ಅವನು. ಅವಳು ಇಟ್ಟು ಹೋದಳು. ಚಿಕ್ಕಪ್ಪ ಹೋದಾಗ ನಾನು ಕೈಗೂಸು, ಅಪ್ಪನಿಗೆ ಊಟ ಒಯ್ಯುತ್ತಿದ್ದವಳು ನೀನು. ಅಕ್ಕಾ, ಅದು ಮೋಟಾರಿನ ಸದ್ದೆಂದು ನೀನು ನಂಬಿದೆಯಾ?