ಊರಿಗೆ ಹೇಳಿದ್ದ ಕಾಯಿಲೆ

ಮಧುರೆ
೧೩–೧೧–೨೦೨೫, ಗುರುವಾರ

ಪ್ರೀತಿಯ ತಮ್ಮ ಮುನಿರಾಜನಿಗೆ,

'ಪ್ರೀತಿಯ' ಎಂದು ಶುರುಮಾಡುವುದು ರೂಢಿ, ಅದಕ್ಕೇ ಬರೆದಿದ್ದೇನೆ. ಹೆಚ್ಚು ಅರ್ಥ ಹುಡುಕಬೇಡ. ಆರೋಗ್ಯ ವಿಚಾರಿಸುವುದೂ ರೂಢಿ. ನಂದಗುಡಿಯ ಚಿಕ್ಕಮ್ಮನ ಮನೆಯಲ್ಲಿ ನಿನಗೆ ಮಧ್ಯಾಹ್ನ ಮುದ್ದೆ, ಆಮೇಲೆ ನಿದ್ದೆ ಎಂದು ಅಪ್ಪಯ್ಯಣ್ಣ ಹೇಳಿದ. ಅಂದಮೇಲೆ ಚೆನ್ನಾಗಿಯೇ ಇದ್ದೀಯ. ಇಲ್ಲಿ ಅಮ್ಮನ ಮಂಡಿ ನೋಯುತ್ತಿದೆ, ಬಾಯಿ ಗಟ್ಟಿಯಾಗಿದೆ. ನನ್ನ ನಂಬರನ್ನೂ ನಿನ್ನ ಹೆಂಡತಿ ಅಕ್ಷತಳ ನಂಬರನ್ನೂ ನೀನು ಬ್ಲಾಕ್ ಮಾಡಿ ಮೂರು ತಿಂಗಳಾಯಿತು. ಕಾಗದವನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲ. ತರಕಾರಿ ತರಲು ನಾಳೆ ಆ ಕಡೆ ಬರುವ ಅಪ್ಪಯ್ಯಣ್ಣ ಇದನ್ನು ನಿನ್ನ ಕೈಗೇ ಕೊಡುತ್ತಾನೆ. ನೀನು ಕೊನೆಯ ಸಾಲು ಓದುವವರೆಗೂ ಎದುರಿಗೇ ನಿಂತಿರು ಎಂದು ಅವನಿಗೆ ಹೇಳಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನೀನು ಕಂಕುಳಲ್ಲಿ ಇರುಕಿಕೊಂಡು ಹೋದ ಹಸಿರು ಫೈಲು ನಿನ್ನದಲ್ಲ, ಸಿಂಚನಳದು. ನಿನ್ನ ಮಗಳು ಮಲದ್ವಾರವೇ ಇಲ್ಲದೆ ಹುಟ್ಟಿದ್ದು, ಎರಡನೆಯ ದಿನವೇ ಹೊಟ್ಟೆಯ ಮೇಲೆ ದಾರಿ ಮಾಡಿದ್ದು, ಆಮೇಲೆ ಕೆಳಗೆ ಹೊಸ ದಾರಿ ಮಾಡಿ ಮೇಲಿನದನ್ನು ಮುಚ್ಚಿದ್ದು, ಮೂರು ಆಪರೇಷನ್ನಿನ ವಿವರವೂ ಅದರಲ್ಲಿದೆ. ಮಾಡಿದ ಡಾಕ್ಟರು ನಿವೃತ್ತರಾಗಿದ್ದಾರೆ. ಈಗ ನಾಲ್ಕನೆಯದನ್ನು ಮಾಡಬೇಕಾದ ಡಾಕ್ಟರಮ್ಮ ಯಾವ ಸ್ನಾಯು ಎಲ್ಲಿದೆ, ಏನನ್ನು ಎಲ್ಲಿಗೆ ಹೊಲಿದಿದ್ದಾರೆ ಎಂದು ನೋಡದೆ ಕತ್ತರಿ ಹಿಡಿಯುವುದಿಲ್ಲ ಎಂದಿದ್ದಾರೆ. ಇದು ನಿನಗೂ ಗೊತ್ತಿತ್ತು. ಗೊತ್ತಿದ್ದೇ ಹೊತ್ತುಕೊಂಡು ಹೋದೆ. ಫೈಲು ಬಚ್ಚಿಟ್ಟರೆ ಆಪರೇಷನ್ ನಿಲ್ಲುತ್ತದೆ, ಆಪರೇಷನ್ ನಿಂತರೆ ಊರಿನ ಬಾಯಿ ನಿಲ್ಲುತ್ತದೆ ಎಂಬುದು ನಿನ್ನ ಲೆಕ್ಕಾಚಾರ. ಒಳ್ಳೆಯ ಪ್ರಾಸ, ಕೆಟ್ಟ ತಲೆ.

ಮಗು ಹುಟ್ಟಿದಾಗ ಊರಿಗೆ ಹಾರ್ಟಿನಲ್ಲಿ ತೂತು ಎಂದು ಹೇಳಿದವನು ನೀನು. ತೂತಿಲ್ಲದ್ದಕ್ಕೆ ತೂತಿದೆ ಎಂದು ಹೇಳಿದ ಮೊದಲ ಅಪ್ಪ ನೀನೇ ಇರಬೇಕು. ಹಾರ್ಟು ಮರ್ಯಾದಸ್ಥರ ಅಂಗ. ಅದಕ್ಕೆ ಹಣ್ಣು ತರುತ್ತಾರೆ, ಇದಕ್ಕೆ ಮೂಗು ಮುಚ್ಚುತ್ತಾರೆ. "ಹೆಣ್ಮಗು ಕಣಕ್ಕ, ನಾಳೆ ಯಾರ್ ಬರ್ತಾರೆ ಇವಳ್ನ ಕೇಳ್ಕೊಂಡು?" ಅಂದೆ. ಮೂರು ದಿನದ ಕೂಸಿಗೆ ಗಂಡು ನೋಡಲು ಹೊರಟಿದ್ದೆ! ತಪ್ಪು ನಿನ್ನೊಬ್ಬನದೇ ಎನ್ನುವುದಿಲ್ಲ. ನಾನೂ ತಲೆಯಾಡಿಸಿದೆ. ಬಂದವರಿಗೆ ಕಾಫಿ ಕೊಟ್ಟು, ಅವರ ಅಳಿಯಂದಿರ ಸ್ಟೆಂಟಿನ ಕಥೆಗಳನ್ನು ಎಂಟು ವರ್ಷ ಕೇಳಿಸಿಕೊಂಡೆ.

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಏನಾಯಿತೆಂದು ನಿನಗೆ ಯಾರೂ ಪೂರ್ತಿ ಹೇಳಿಲ್ಲ. ಅಕ್ಷತ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟಿಗೆ ಹೋಗಿದ್ದಳು, ನೀನು ಡೇರಿಗೆ ಹಾಲು ಹಾಕಲು. ಸಿಂಚನ ಬಚ್ಚಲಿನಲ್ಲಿ ತಿಣುಕುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಹೋಗಿ ನೋಡಿದರೆ ಟೊಮೇಟೊ ಹೋಳಿನಷ್ಟು ಕೆಂಪು ಮಾಂಸ ಆಚೆ ಬಂದಿತ್ತು, ರಕ್ತ ಜಿನುಗುತ್ತಿತ್ತು. ಅವಳು ಅಳಲಿಲ್ಲ. ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು, "ಅತ್ತೆ, ನನ್ನ ಹಾರ್ಟು ಆಚೆ ಬಂದ್ಬಿಡ್ತು. ನಾನ್ ಸತ್ತೋಗ್ತೀನಾ?" ಅಂದಳು. ನೀನು ಊರಿಗೆ ಹೇಳಿದ ಸುಳ್ಳನ್ನು ಪೂರ್ತಿಯಾಗಿ ನಂಬಿದವಳು ನಿನ್ನ ಮಗಳೊಬ್ಬಳೇ, ಮುನಿರಾಜ. ಊರಿನವರಿಗೆ ಅನುಮಾನವಾದರೂ ಇತ್ತು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಇಂಥ ಮಕ್ಕಳಿಗೆ ಹೊಟ್ಟೆ ಕಟ್ಟಿ ತಿಣುಕಿ ತಿಣುಕಿ ಹೊಸ ದಾರಿಯ ಒಳಪದರ ಸಡಿಲವಾಗಿ ಜಾರುವುದುಂಟಂತೆ. ಹೆಚ್ಚಾದ ಪದರವನ್ನು ಕತ್ತರಿಸಿ, ಬಿಗಿಹಿಡಿಯುವ ಸ್ನಾಯುವಿನ ನಡುವೆ ಮತ್ತೆ ಕೂರಿಸಿ ಹೊಲಿಯಬೇಕು. ಆದರೆ ಹೊಟ್ಟೆ ಕಟ್ಟುವುದು ನಿಲ್ಲದೆ ಹೊಲಿದರೆ ಮತ್ತೆ ಜಾರುತ್ತದೆ. ಮೊದಲು ಮೂರು ತಿಂಗಳು ಔಷಧಿ, ಬಂದಾಗ ತಡೆಯದೆ ಹೋಗುವ ಅಭ್ಯಾಸ. ಮನೆಯಲ್ಲಿ ಸರಿ, ಶಾಲೆಯಲ್ಲಿ? ಅದಕ್ಕೇ ನಾನು ಹನುಮಂತರಾಯಪ್ಪ ಮೇಷ್ಟ್ರ ಹತ್ತಿರ ಹೋಗಿ ನಿಜ ಹೇಳಿದ್ದು. ಆ ಮನುಷ್ಯ ಬೆವರಿಬಿಟ್ಟರು. "ಹಾರ್ಟು ಅಂತ ಆಟಕ್ಕೇ ಬಿಡ್ತಿರ್ಲಿಲ್ಲ ಕಣಮ್ಮ. ಆಚೆಗ್ ಹೋಗ್ಬೇಕು ಅಂದ್ರೆ ಮಾತ್ರ ಕಳ್ಳಾಟ ಅಂತ ಕೂರಿಸ್ಬಿಡ್ತಿದ್ದೆ," ಅಂದರು. ಓಡಬಲ್ಲ ಮಗು ಎರಡು ವರ್ಷ ಮರದಡಿ ಕೂತಿತ್ತು, ಹೋಗಬೇಕಾದ ಮಗು ಎರಡು ವರ್ಷ ಬೆಂಚಿನಲ್ಲಿ ಬಿಗಿಹಿಡಿದು ಕೂತಿತ್ತು. ಮೇಷ್ಟ್ರಿಗೆ ನಿಜ ಹೇಳಿದ ದಿನವೇ ನೀನು "ನಮ್ ಮಾನ ಬೀದಿಗ್ ತಂದ್ಬಿಟ್ಟೆ ಕಣೇ" ಎಂದು ಕೂಗಾಡಿ ಫೈಲು ಎತ್ತಿಕೊಂಡು ಬೈಕು ಹತ್ತಿದೆ. ಮಾನ ನಿನ್ನದು, ಯಾತನೆ ಅವಳದು.

ಈಗ ಹೊಟ್ಟೆ ಸರಿಯಾಗಿದೆ. ಮೇಷ್ಟ್ರು ಕೇಳಿದಾಗಲೆಲ್ಲ ಬಿಡುತ್ತಾರೆ. ಕಬಡ್ಡಿ ಆಡಲು ಆಪರೇಷನ್ ಆದಮೇಲೆ ಬಾ ಎಂದಿದ್ದಾರಂತೆ, ಅದನ್ನೇ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಊರಿಗೆಲ್ಲ ಗೊತ್ತಾದರೂ ಯಾರೂ ಮೂಗು ಮುಚ್ಚಲಿಲ್ಲ. ಪಕ್ಕದ ಮನೆ ಪಾಪಕ್ಕ ಮಾತ್ರ ಬಂದು ಎರಡು ಹಳೇ ಮೆತ್ತನೆ ಪಂಚೆ ಕೊಟ್ಟು, "ಮೊದ್ಲೇ ಹೇಳಿದ್ರೆ ನಾನೇ ಒಗ್ದು ಕೊಡ್ತಿದ್ನಲ್ಲ ತಾಯಿ," ಎಂದು ಬೈದು ಹೋದಳು. ಇಂಥವರಿಗೆ ಹೆದರಿಕೊಂಡು ನೀನು ಓಡಿಹೋಗಿದ್ದೀಯ.

ಫೈಲನ್ನು ಅಪ್ಪಯ್ಯಣ್ಣನ ಕೈಯಲ್ಲಿ ಕಳಿಸು. ಒಂದು ಹಾಳೆ ಕಡಿಮೆಯಾದರೂ ನಾನೇ ಅಲ್ಲಿಗೆ ಬಂದು, ಚಿಕ್ಕಮ್ಮನ ಜಗುಲಿಯ ಮೇಲೆ ನಿಂತು, ಹಾರ್ಟಿನ ಕಥೆಯನ್ನು ನಂದಗುಡಿಗೆಲ್ಲ ಕೇಳುವಂತೆ ಹೇಳುತ್ತೇನೆ. ನನ್ನ ಗಂಟಲು ನಿನಗೆ ಗೊತ್ತು.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ನಿನಗೆ ಆಶೀರ್ವಾದ ಮಾಡುವ ವಯಸ್ಸು ನನಗಿದೆ, ಮನಸ್ಸು ಮಾತ್ರ ಇಲ್ಲ.

ಇಂತಿ ನಿನ್ನ ಅಕ್ಕ,
ಪ್ರಮೋದಾ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಕ್ಷತ ಬೆಂಗಳೂರಿನಿಂದ ಫೋನು ಮಾಡಿದಳು. ಹಳೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಎಲ್ಲದರ ನಕಲು ಸಿಕ್ಕಿತಂತೆ. ಡಾಕ್ಟರಮ್ಮ ನೋಡಿ ಸಾಕು ಎಂದರಂತೆ. ಫೈಲು ಬೇಡ, ನೀನೇ ಇಟ್ಟುಕೋ. ಒಪ್ಪಿಗೆಗೆ ತಾಯಿಯ ಸಹಿ ಸಾಕಂತೆ, ಹಾಕಿದ್ದಾಳೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಳ್ಳುತ್ತಾರೆ. ತಾಯಿಯ ಜೊತೆಗೆ ಇನ್ನೊಬ್ಬರಿಗೆ ಮಾತ್ರ ಪಾಸು. ಯಾರ ಹೆಸರು ಬರೆಸಲಿ ಎಂದು ಅಕ್ಷತ ಕೇಳಿದಳು. ನನ್ನದನ್ನೇ ಹೇಳುತ್ತಾಳೆಂಬ ಧೈರ್ಯದಲ್ಲಿ ಸಿಂಚನಳ ಕೈಗೆ ಫೋನು ಕೊಟ್ಟೆ. "ಅಪ್ಪಂದು ಬರ್ಸಮ್ಮಾ," ಅಂದಳು. ಬರೆಸಿಯಾಯಿತು, ಇನ್ನು ಬದಲಾಯಿಸುವಂತಿಲ್ಲವಂತೆ. ನೀನು ಬಾರದಿದ್ದರೆ ಅವಳ ಒಂದು ಕೈ ಹಿಡಿಯಲು ಯಾರೂ ಇರುವುದಿಲ್ಲ. ನಾನು ಗೇಟಿನ ಆಚೆ ನಿಂತಿರುತ್ತೇನೆ.