ಮೂರನೆಯವರ ಪರ ನಿಂತವಳಿಗೆ

ಗುರುವಾರ, ಮಧ್ಯಾಹ್ನ

ಮಗಳೇ,

ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಸೋಮವಾರ ಕೋರ್ಟಿನಲ್ಲಿ ಕಣ್ಣಾರೆ ನೋಡಿದೆ, ಚೆನ್ನಾಗಿಯೇ ಇದ್ದೀಯ. ನೀನು ನಮ್ಮನ್ನು ನೋಡಲಿಲ್ಲವೋ, ನೋಡಿಯೂ ನೋಡದವಳ ಹಾಗೆ ಫೈಲು ತಿರುವುತ್ತಾ ಕೂತೆಯೋ, ಅದು ನಿನಗೇ ಗೊತ್ತು.

ನಾವು ಹಿಂದಿನ ಬೆಂಚಿನಲ್ಲಿದ್ದೆವು. ನಾನು, ನೀನು ದೊಡ್ಡಮ್ಮ ಎಂದು ಕರೆಯುವ ಪಕ್ಕದ ಮನೆಯ ಟೈಲರಕ್ಕ, ಅವಳ ಗಂಡ, ಬೀದಿಯ ಇನ್ನೂ ಕೆಲವರು. ಬ್ಯಾಟರಿ ಕಾರ್ಖಾನೆಯ ಹೊಗೆ ಕುಡಿದು ಎದೆ ಕೆಡಿಸಿಕೊಂಡ ಇಡೀ ಬೀದಿಯ ಪರವಾಗಿ ಅಕ್ಕನ ಹೆಸರಿನಲ್ಲಿ ಹಾಕಿದ ದಾವೆ ಅದು. ಕೆಳಗಿನ ಕೋರ್ಟಿನಲ್ಲಿ ಗೆದ್ದೆವು, ಕಾರ್ಖಾನೆಯವರು ಮೇಲ್ಮನವಿ ಹಾಕಿದರು. ಹಾಕುತ್ತಾರೆಂದು ಗೊತ್ತಿತ್ತು. ಅದಕ್ಕೆ ನನಗೆ ಸಿಟ್ಟಿಲ್ಲ.

ನಿನ್ನ ಬೆನ್ನು ನಮ್ಮ ಕಡೆಗಿತ್ತು. ಕರಿಕೋಟಿನ ಹೆಗಲು ಕೂತ ರೀತಿ ನೋಡಿಯೇ ಅಕ್ಕ ಗುರುತು ಹಿಡಿದಳು. ಹೊಲಿದವಳು ಅವಳೇ ಅಲ್ಲವೇ? ನನ್ನ ತೊಡೆ ತಟ್ಟಿ, "ನಮ್ಮ ಗುಬ್ಬಿ ಬಂದಿದಾಳೆ ಕಣೇ, ನಮಗೋಸ್ಕರ" ಅಂದಳು.

ಆಮೇಲೆ ನಿನ್ನ ಹಿರಿಯ ವಕೀಲರು ಎದ್ದರು. ತಾವು ಆ ಕಾರ್ಖಾನೆಯ ಪರವಲ್ಲ, ಬೀದಿಯವರ ಪರವೂ ಅಲ್ಲ, ಕಾರ್ಖಾನೆ ಮಾಲೀಕರ ಸಂಘದ ಪರ ಎಂದರು. ಈ ತೀರ್ಪು ನಿಂತರೆ ನಾಳೆ ಎಲ್ಲ ಕಾರ್ಖಾನೆಗಳ ಮೇಲೂ ಇಂಥ ಗುಂಪು ದಾವೆ ಬೀಳುತ್ತದೆ, ಹಾಗಾಗಿ ಮೂರನೆಯವರಾದ ನಮ್ಮ ಮಾತನ್ನೂ ಕೇಳಬೇಕು ಎಂದರು. ಗಂಡ ಹೆಂಡಿರ ಜಗಳದಲ್ಲಿ ಬೀಗರು ಬಾಯಿ ಹಾಕಿದ ಹಾಗಾಯಿತು ಎಂದುಕೊಂಡೆ. ಆಮೇಲೆ ಶುರುವಾಯಿತು. ಬೀದಿಯವರ ಕಾಯಿಲೆಗಳನ್ನೆಲ್ಲ ಒಂದೇ ಕಂತೆ ಕಟ್ಟಲಾಗದು, ದಾವೆಗೆ ಮುಂದೆ ನಿಂತಿರುವ ಹೆಂಗಸಿಗೇ ಕಾರ್ಖಾನೆ ಬರುವುದಕ್ಕೆ ಎಷ್ಟೋ ಮೊದಲು, ಮದುವೆಗೂ ಮುಂಚೆ, ಕ್ಷಯ ಆಗಿತ್ತು ಎಂದರು. ಚಿಕಿತ್ಸೆ ಪಡೆದ ಆಸ್ಪತ್ರೆಯ ಹೆಸರನ್ನೂ ಒಂದು ಹಾಳೆ ನೋಡಿ ಹೇಳಿದರು. ಆ ಹಾಳೆಯನ್ನು ಅವರ ಕೈಗೆ ಕೊಟ್ಟವಳು ನೀನು.

ಅಕ್ಕನ ಗಂಡನಿಗೇ ಅದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳಿಗೆ, ಅವಳು ನಂಬಿ ಹೇಳಿಕೊಂಡಿದ್ದರಿಂದ ನನಗೆ. ಹೋದ ತಿಂಗಳು ನೀನು ಅಡುಗೆಮನೆಯ ಕಟ್ಟೆ ಹತ್ತಿ ಕೂತು, ದೊಡ್ಡಮ್ಮ ಚಿಕ್ಕವಳಿದ್ದಾಗ ಹೇಗಿದ್ದಳು ಎಂದು ಮುದ್ದು ಮುದ್ದಾಗಿ ಕೇಳಿದೆ. ಮಗಳಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿದೆ ಎಂದುಕೊಂಡು ಈರುಳ್ಳಿ ಹೆಚ್ಚುತ್ತಾ ಎಲ್ಲ ಹೇಳಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಮಾತ್ರೆ ನುಂಗಿ ಪೂರ್ತಿ ವಾಸಿಯಾಯಿತು ಎಂದೂ ಹೇಳಿದ್ದೆನಲ್ಲ, ಆ ಮಾತು ನಿಮ್ಮ ಅರ್ಜಿಯಲ್ಲಿ ಎಲ್ಲಿ ಹೋಯಿತು?

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಗಂಡ ಮುಂದಿನ ಸೀಟಿನಲ್ಲಿ ಒಬ್ಬನೇ ಕೂತ. ಇಳಿಯುವ ಮುಂಚೆ ಅಕ್ಕ ಕೇಳಿದಳು: "ಗುಬ್ಬಿಗೆ ಹೇಳಿದ್ದು ನೀನಾ?"

ಹೂಂ ಅಂದೆ. ಅವತ್ತಿನಿಂದ ಗುಂಡಿಗೆ ಕಾಜಾ ಹಾಕಲು ಅವಳು ಹೊಲಿದ ಒಂದು ಅಂಗಿಯೂ ನನ್ನ ಮನೆಗೆ ಬಂದಿಲ್ಲ. ಅವಳ ಗಂಡ ಅವಳ ಜೊತೆ ಮಾತು ಬಿಟ್ಟಿದ್ದಾನೆ.

ಸೋಮವಾರ ಸಂಜೆ ನೀನು ಫೋನಿನಲ್ಲಿ, "ನಾನು ಸುಳ್ಳು ಹೇಳಿಲ್ವಲ್ಲಮ್ಮ, ನನ್ನ ಕೆಲಸ ಮಾಡಿದೀನಿ ಅಷ್ಟೆ" ಅಂದೆ. ನಾನು ಫೋನ್ ಇಟ್ಟುಬಿಟ್ಟೆ. ಈಗ ಹೇಳುತ್ತೇನೆ, ಕೇಳು. ನಮ್ಮ ಎದುರು ನಿಂತು ವಾದ ಮಾಡು, ಬೇಡವೆನ್ನುವುದಿಲ್ಲ. ಮುಖ ತೋರಿಸಿ ಜಗಳ ಆಡುವವರನ್ನು ಕಂಡರೆ ನನಗೆ ಮರ್ಯಾದೆಯೇ ಇದೆ. ಆದರೆ ನೀನು ಮಗಳಾಗಿ ಮನೆಯೊಳಗೆ ಬಂದು ವಕೀಲಳಾಗಿ ಹೊರಗೆ ಹೋದೆ. ಉಂಡ ತಟ್ಟೆಯನ್ನೂ ತೊಳೆದಿಟ್ಟು ಹೋದೆ. ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಮೂರನೆಯವರನ್ನು ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂದು ನ್ಯಾಯಾಧೀಶರು ಮುಂದಿನ ವಾರ ಹೇಳುತ್ತಾರಂತೆ. ಈ ಮನೆಯ ಮಟ್ಟಿಗೆ ನಾನು ಇವತ್ತೇ ಹೇಳುತ್ತೇನೆ. ನಾನಾಗಿ ಕರೆಯುವವರೆಗೆ ಬರಬೇಡ.

ನಿನ್ನ ಹೆತ್ತ
ಅಮ್ಮ

ತಾ.ಕ.: ನಾಳೆ ನಮ್ಮ ವಕೀಲರು ನಿಮ್ಮ ಅರ್ಜಿಗೆ ಉತ್ತರ ಸಲ್ಲಿಸುತ್ತಾರೆ. ಜೊತೆಗೆ ನನ್ನ ಅಫಿಡವಿಟ್ ಇದೆ. ಆ ಕಾಯಿಲೆ ವಾಸಿಯಾಗಿದ್ದನ್ನೂ, ಅದರ ಸುದ್ದಿ ನಿಮ್ಮವರ ಕೈಗೆ ಯಾರಿಂದ, ಹೇಗೆ ಸಿಕ್ಕಿತು ಎಂಬುದನ್ನೂ ಬರೆಸಿದ್ದೇನೆ. ಸಹಿಗೆ ಮುಂಚೆ ಅಕ್ಕನಿಗೆ ಓದಿ ಹೇಳಿದೆ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ಹುಡುಗಿ ಹೆಸರು ತೆಗೆಸಿಬಿಡೇ, ಅವಳ ಕೆಲಸ ಹೋಗತ್ತೆ" ಅಂದಳು. ನಾನು ತೆಗೆಸಲಿಲ್ಲ.