ಎಣಿಸಬಾರದ ಕುರಿ

ಯಲ್ಲದಕೆರೆ
೧೪ ಮಾರ್ಚ್ ೨೦೨೫, ಶುಕ್ರವಾರ

ಪ್ರೀತಿಯ ಜುಂಜಣ್ಣಾ,

ಹೇಗಿದ್ದೀಯ? ಹಿಮ್ಮಡಿಯ ಒಡಕು ವಾಸಿಯಾಯಿತೇ, ಇಲ್ಲ ಇನ್ನೂ ಕುಂಟುತ್ತಲೇ ಕುರಿಗಳ ಹಿಂದೆ ಹೋಗುತ್ತಿದ್ದೀಯಾ? ಅವ್ವ ಹರಳೆಣ್ಣೆಯ ಸೀಸೆ ಕಳಿಸಿದ್ದಾಳೆ, ತಲೆಗಲ್ಲ, ಕಾಲಿಗೆ. ಅವಳ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ರಾಗಿಹಿಟ್ಟು, ಖಾರದಪುಡಿ ಹೇರಿಕೊಂಡು ಪಾಲಣ್ಣ ಮಾವ ಇವತ್ತು ಮಧ್ಯಾಹ್ನ ನಿಮ್ಮ ಮಂದೆಯ ಕಡೆ ಹೊರಡುತ್ತಾನೆ. ಹೊಳಲ್ಕೆರೆ ದಾಟಿ ಚನ್ನಗಿರಿ ಹಾದಿಯಲ್ಲಿ ಯಾರ ಗದ್ದೆಯಲ್ಲಿ ಬೀಡುಬಿಟ್ಟಿದ್ದೀರೋ, ಕೇಳಿಕೊಂಡು ಬರುತ್ತಾನಂತೆ. ನೀನು ಫೋನನ್ನು ಅವ್ವನ ಪೆಟ್ಟಿಗೆಯಲ್ಲೇ ಬಿಟ್ಟು ಹೋದ ಮೇಲೆ ನನಗೆ ಈ ಕಾಗದ ಬಿಟ್ಟರೆ ಗತಿಯಿಲ್ಲ. ಹನ್ನೊಂದು ವರ್ಷ ಹಿರಿಯೂರಿನಲ್ಲಿ ಕುರಿಗಾರರ ಸಂಘದ ಕಂಪ್ಯೂಟರಿನ ಮುಂದೆ ಕೂತವನು ದೀಪಾವಳಿ ಕಳೆದದ್ದೇ ಕೋಲು ಹಿಡಿದು ಮಂದೆಯ ಜೊತೆ ಹೊರಟುಬಿಟ್ಟೆ. ನಿನ್ನ ಪಕ್ಕದಲ್ಲಿ ಕೂತು ಕೆಲಸ ಕಲಿಯುತ್ತಿದ್ದ ನಾನು ಈಗ ನಿನ್ನ ಕುರ್ಚಿಯಲ್ಲಿ ಒಬ್ಬಳೇ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ ನೀನು ಬರೆದ ಆ ಅಪ್ಲಿಕೇಶನ್ನಿನದು. ನಾನೂರು ಮಂದೆಗಳಿಗೆ ಯಾವತ್ತು ಎಲ್ಲಿ ಎಷ್ಟು ಕುರಿಗೆ ಲಸಿಕೆ ಎಂದು ಸಂದೇಶ ಕಳಿಸುವುದು ಇವತ್ತಿಗೂ ಅದೇ. ಆದರೆ ಅದರ ಜಾವಾ ಹಳೆಯದು, ಅದನ್ನು ಕಟ್ಟಿದ ಸ್ಟ್ರಟ್ಸ್ ಚೌಕಟ್ಟಂತೂ ನಾನು ಹೈಸ್ಕೂಲಿನಲ್ಲಿದ್ದಾಗಿನದು. ಚಿತ್ರದುರ್ಗದಲ್ಲಿ ನಮ್ಮ ಸರ್ವರ್ ನೋಡಿಕೊಳ್ಳುವ ಕಂಪನಿಯವರು ತಿಂಗಳ ಕೊನೆಗೆ ಇದನ್ನು ನಿಲ್ಲಿಸುತ್ತೇವೆ ಎಂದಿದ್ದಾರೆ. ಅವರ ಕಡೆಯ ರಾಜಶೇಖರ್ ಬಂದು ಎರಡು ದಿನ ಕೋಡನ್ನೆಲ್ಲ ಜಾಲಾಡಿ, “ಮೇಡಂ, ಇದ್ರಾಗೆ ಏನೂ ಉಳ್ದಿಲ್ಲ. ಕಿತ್ತಾಕಿ ಸ್ಪ್ರಿಂಗ್ ಬೂಟ್‌ನಾಗೆ ಹೊಸದಾಗಿ ಬರ್ಯಾಣ” ಎಂದ. ಒಪ್ಪಿದರೆ ಹೊಸದು ತಯಾರಾಗುವ ತನಕ, ಅಂದರೆ ನಾಲ್ಕು ತಿಂಗಳು, ಹಳೆಯದನ್ನು ಹೇಗೋ ನಡೆಸಿ ಆಮೇಲೆ ಪೂರ್ತಿ ಅಳಿಸುತ್ತಾರೆ. ಒಪ್ಪದಿದ್ದರೆ ಇನ್ನು ಎರಡು ವಾರದಲ್ಲಿ ನಾನೇ ಇದನ್ನು ಹೊಸ ಜಾವಾಕ್ಕೆ ಏರಿಸಬೇಕು. ಪ್ರಯತ್ನಪಟ್ಟೆ ಅಣ್ಣಾ. ಲಾಗಿನ್ ಸರಿಯಾದರೆ ಸಂದೇಶ ಹೋಗುವುದಿಲ್ಲ, ಸಂದೇಶ ಹೋದರೆ ವರದಿಯ ಪುಟ ತೆರೆಯುವುದಿಲ್ಲ. ಇದ್ದ ಹಾಗೇ ಬಿಡೋಣವೆಂದರೆ ಹೋದ ತಿಂಗಳು ಯಾರೋ ಒಳಗೆ ನುಗ್ಗಿ ಸಂಘದ ಹೆಸರಿನಲ್ಲಿ ಎಲ್ಲರಿಗೂ ಲಾಟರಿಯ ಸಂದೇಶ ಕಳಿಸಿಬಿಟ್ಟರು. ನಮ್ಮ ಹಟ್ಟಿಯ ಹುಚ್ಚಕ್ಕ ಆಫೀಸಿಗೇ ಬಂದು ಫೋನು ಮುಂದೆ ಹಿಡಿದಳು. “ನೋಡವ್ವ, ಏನೋ ಬಹುಮಾನ ಅಂತೈತೆ. ಸೂಜಿ ಹಾಕ್ಸೋ ದಿನ ಯಾವತ್ತು ಅನ್ನೋದೇ ಇಲ್ವಲ್ಲ” ಎಂದಳು. ಅಷ್ಟೆಲ್ಲ ಆದ ಮೇಲೂ ಅವಳು ಸಂಘದ ಸಂದೇಶವನ್ನು ನಂಬುತ್ತಾಳೆ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಈ ನಡುವೆ ರಾಜಶೇಖರ್ ನಿನ್ನ ಆ ಮೂರು ಸಾಲನ್ನೂ ಹಿಡಿದ. ಪ್ರತಿ ಮಂದೆಗೂ ಸಂದೇಶದಲ್ಲಿ ಒಂದು ಕುರಿ ಕಡಿಮೆ ತೋರಿಸಿ, ಔಷಧಿಯನ್ನು ಮಾತ್ರ ಪೂರ್ತಿ ಲೆಕ್ಕಕ್ಕೆ ತರಿಸುವ ಸಾಲುಗಳು. “ಇದು ತಪ್ಪು, ಹೊಸದ್ರಾಗೆ ಇರಲ್ಲ” ಎಂದ. ಮಂದೆಗೊಂದು ಕುರಿ ದೇವರಿಗೆ ಬಿಟ್ಟದ್ದು, ಅದನ್ನು ಯಾರೂ ಎಣಿಸಬಾರದು, ಆದರೆ ಸೂಜಿ ಅದಕ್ಕೂ ಬೇಕು, ಅದಕ್ಕೇ ನಮ್ಮಣ್ಣ ಹಾಗೆ ಬರೆದ ಎಂದು ಹೇಳುವಷ್ಟರಲ್ಲಿ ನನ್ನ ನಾಲಿಗೆ ಒಣಗಿಹೋಯಿತು. ಹೋದ ಮುಂಗಾರಿನಲ್ಲಿ ಆ ಸಾಲುಗಳು ಒಂದು ವಾರ ಇಲ್ಲವಾಗಿ ಏನಾಯಿತೆಂದು ನಿನಗೆ ನಾನು ಹೇಳಬೇಕೇ? ಸಂದೇಶದಲ್ಲಿ ದೇವರ ಕುರಿಯೂ ಸೇರಿ ಬಂತು. “ದೇವ್ರ ಕುರೀನೂ ಎಣಿಸ್ಬಿಟ್ಟವ್ರೆ, ತಪ್ಪು ಕಾಣಿಕೆ ಆಗೋ ತನ್ಕ ಮಂದೆ ಹೊರಡಲ್ಲ” ಎಂದು ಹುಚ್ಚಕ್ಕ ಕೂತಳು, ಅವಳನ್ನು ನೋಡಿ ಇಡೀ ಹಟ್ಟಿ ಕೂತಿತು. ಲಸಿಕೆಯವರು ಬಂದು ಕಾದು ಹೋದರು. ಆಮೇಲೆ ನೀಲಿನಾಲಿಗೆ ರೋಗ ಬಂತು. ಹುಚ್ಚಕ್ಕನ ದೊಡ್ಡಿಯಲ್ಲಿ ಒಂದು ಮರಿಯೂ ಉಳಿಯಲಿಲ್ಲ. ಸಂಘದ ಸಭೆಯಲ್ಲಿ ನೀನು ಎದ್ದು ನಿಂತು “ತಪ್ಪು ನಂದೇ” ಎಂದೆ, ಆಫೀಸಿನ ಬೀಗದ ಕೈ ಮೇಜಿನ ಮೇಲಿಟ್ಟು ಹೊರಗೆ ನಡೆದೆ. ಅವತ್ತಿನಿಂದ ಅವ್ವ ಹುಚ್ಚಕ್ಕನ ಮನೆಯ ಮುಂದೆ ಹಾಯುವುದಿಲ್ಲ, ಬಾವಿಗೆ ಸುತ್ತು ಹಾಕಿಕೊಂಡು ಹೋಗುತ್ತಾಳೆ.

ಸೋಮವಾರ ಸಭೆ ಇದೆ. ನಮ್ಮ ಅಧ್ಯಕ್ಷರು ಗೋವಿಂದಪ್ಪನವರು, “ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ನಮಗೇನ್ ತಿಳೀತೈತವ್ವ” ಎಂದು ಎಲ್ಲವನ್ನೂ ನನ್ನ ತಲೆಗೆ ಕಟ್ಟಿದ್ದಾರೆ. ಹೊಸದೇ ಸರಿ ಎಂದು ಬುದ್ಧಿ ಹೇಳುತ್ತದೆ. ಆದರೆ ಮುಂಗಾರಿಗೆ ಮುಂಚಿನ ಲಸಿಕೆ ಈ ನಾಲ್ಕು ತಿಂಗಳ ನಡುವೆಯೇ ಬರುತ್ತದೆ, ಆಗ ಏನಾದರೂ ಹೆಚ್ಚುಕಡಿಮೆಯಾದರೆ? ಇನ್ನೂ ಒಂದು ಮಾತಿದೆ. ಯಾವ ಸಾಲನ್ನು ಯಾರು ಯಾವತ್ತು ಬದಲಿಸಿದರು ಎಂಬ ದಾಖಲೆ ಹಳೇ ಸರ್ವರಿನಲ್ಲಿದೆಯಲ್ಲ, ಅದೂ ಅಳಿಸಿಹೋಗುತ್ತದೆ. ಹೋದರೆ ಹೋಗಲಿ, ಪೀಡೆ ಕಳೆಯಿತು ಎಂದು ನನಗೆ ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ ಮೇಲೆ ಮೂರು ದಿನದಿಂದ ಅವ್ವ ಹಾಕಿದ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿದೆ. ಮೈ ಹುಷಾರಿಲ್ಲವೇನೋ ಎಂದು ಅವ್ವ ದೃಷ್ಟಿ ತೆಗೆದಳು. ನನಗೆ ಭಯವಾಗುತ್ತದೆ ಅಣ್ಣಾ. ಕೇಳಲು ನನಗೆ ಬೇರೆ ಯಾರಿದ್ದಾರೆ?

ಮಂದೆಯ ಹಿರಿಯರಿಗೆಲ್ಲ ನನ್ನ ನಮಸ್ಕಾರ ಹೇಳು. ಕಂಬಳಿ ಒದ್ದೆಯಾದರೆ ಅದನ್ನೇ ಹೊದ್ದು ಮಲಗಬೇಡ. ನಮ್ಮ ದೇವರು ಜುಂಜಪ್ಪ ನಿನ್ನನ್ನೂ ಮಂದೆಯನ್ನೂ ಕಾಯಲಿ.

ನಿನ್ನ ತಂಗಿ,
ಮಾನಸ

ತಾ.ಕ.: ಪಾಲಣ್ಣ ಮಾವ ಗಾಡಿ ಸ್ಟಾರ್ಟ್ ಮಾಡಿ ಹಾರನ್ ಒತ್ತುತ್ತಿದ್ದಾನೆ. ಅಣ್ಣಾ, ಆ ಮೂರು ಸಾಲು ತೆಗೆದವಳು ನಾನು. ಸಂದೇಶದ ಲೆಕ್ಕಕ್ಕೂ ಔಷಧಿಯ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ, ಅಣ್ಣ ಎಡವಿದ್ದಾನೆ, ನಾನೇ ಸರಿ ಮಾಡಿ ತೋರಿಸೋಣ ಎಂದುಕೊಂಡೆ. ಹಾಸ್ಟೆಲಿನಲ್ಲಿ ಬೆಳೆದವಳು, ದೇವರ ಕುರಿ ನೆನಪಿಗೇ ಬರಲಿಲ್ಲ. ಹಟ್ಟಿ ಕೂತ ಮೇಲೆ ಸುಮ್ಮನೆ ವಾಪಸ್ ಹಾಕಿದೆ. ದಾಖಲೆಯಲ್ಲಿ ಎರಡು ಸಲವೂ ನನ್ನ ಹೆಸರಿದೆ. ಹೋದ ಮುಂಗಾರಿನ ಆ ಸಭೆಯ ದಿನ ಬೆಳಿಗ್ಗೆ ನೀನು ಆ ಪುಟ ತೆರೆದದ್ದೂ ಅಲ್ಲೇ ಇದೆ, ನಾನು ಅದನ್ನು ನೋಡಿದ್ದು ಈ ಮಂಗಳವಾರ. ನಿನಗೆ ಗೊತ್ತಿತ್ತು. ಗೊತ್ತಿದ್ದೂ “ತಪ್ಪು ನಂದೇ” ಎಂದೆ. ಆ ಪುಟದ ಪ್ರಿಂಟ್ ತೆಗೆದಿಟ್ಟಿದ್ದೇನೆ. ಸೋಮವಾರ ಸಭೆಗೆ ಹುಚ್ಚಕ್ಕನನ್ನೂ ಕರೆದು, ಅವಳ ಮುಂದೆ ಅದನ್ನು ಓದಿದ ಮೇಲೆಯೇ ಹೂಂ ಅನ್ನುತ್ತೇನೆ. ಹೊಸದರಲ್ಲಿ ಆ ಮೂರು ಸಾಲನ್ನು ಯಾರು ಬರೆಯಬೇಕು ಎಂದು ನಾನು ಹೇಳುವುದಿಲ್ಲ. ಪಾಲಣ್ಣ ಮಾವ ಭಾನುವಾರ ವಾಪಸ್ ಹೊರಡುತ್ತಾನೆ, ಬರುವಾಗ ಗಾಡಿ ಖಾಲಿ ಇರುತ್ತದೆ.